ಟೆಫ್ಲಾನ್ ಹುಟ್ಟುವ ಗ್ಯಾಸನ್ನು ಕೂಡಿಡುವುದು ಯಾಕಿಷ್ಟು ಕಷ್ಟ?

ಗ್ಯಾಸ್ ಸಿಲಿಂಡರ್ ಅಂದ ಕೂಡಲೇ ನಮಗೆ ಬರುವ ಭಯ ಒಂದೇ: ಸೋರಿದರೆ ಏನು ಗತಿ? ಒಳಗಿರುವುದು ಹೊರಗೆ ಬಂದರೆ ಬೆಂಕಿ ಹತ್ತಬಹುದು, ಉಸಿರು ಕಟ್ಟಬಹುದು. ಹಾಗಾಗಿ ನಾವು ಕೇಳಿರುವ ನಿಯಮಗಳೆಲ್ಲ ಗ್ಯಾಸನ್ನು ಒಳಗೇ ಹಿಡಿದಿಡುವುದಕ್ಕೆ ಸಂಬಂಧಿಸಿದವು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಸರಪಳಿ ಬಿಗಿಯಿರಿ, ವಾಲ್ವ್ ಮೇಲೆ ಟೋಪಿ ಹಾಕಿ, ಬಿಸಿಲಿಗೆ ಬಿಡಬೇಡಿ, ಆಕ್ಸಿಜನ್ ಸಿಲಿಂಡರ್ ಪಕ್ಕ ಇಡಬೇಡಿ. ಎಲ್ಲವೂ ಸರಿಯೇ.

ಆದರೆ ಫ್ಲೋರೋಪಾಲಿಮರ್, ಅಂದರೆ ಟೆಫ್ಲಾನಿನಂಥ ಫ್ಲೋರಿನ್ ಇರುವ ಪ್ಲಾಸ್ಟಿಕ್, ತಯಾರಿಸುವ ಗ್ಯಾಸ್‌ಗಳಿಗೆ ಇಷ್ಟು ಸಾಲದು. ಇವುಗಳಲ್ಲಿ ಮುಖ್ಯವಾದದ್ದು ಟೆಟ್ರಾಫ್ಲೋರೋಎಥಿಲೀನ್. ಕಾರ್ಖಾನೆಯವರು ಚುಟುಕಾಗಿ ಟಿಎಫ್‌ಇ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ. ಈ ಗ್ಯಾಸ್ ಸೋರಬೇಕಾಗಿಲ್ಲ, ಗಾಳಿ ತಾಗಬೇಕಾಗಿಲ್ಲ, ಕಿಡಿ ಹತ್ತಿರ ಬರಬೇಕಾಗಿಲ್ಲ. ಗಟ್ಟಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ತನ್ನ ಪಾಡಿಗೆ ತಾನಿದ್ದಾಗಲೂ ಸಿಡಿಯಬಲ್ಲದು. ಟಿಎಫ್‌ಇ ಕೂಡಿಡುವವರ ಮೊದಲ ಚಿಂತೆ ಗ್ಯಾಸ್ ಹೊರಗೆ ಹೋಗುವುದಲ್ಲ, ಒಳಗೆ ಅದು ಏನು ಮಾಡುತ್ತಿದೆ ಅನ್ನುವುದು. ಇದೊಂದನ್ನು ಹಿಡಿದುಕೊಂಡರೆ ಉಳಿದ ನಿಯಮಗಳು ಯಾಕೆ ಹಾಗಿವೆ ಅನ್ನುವುದು ಸುಲಭವಾಗಿ ಅರ್ಥವಾಗುತ್ತದೆ.

ಅಂಟದ ಬಾಣಲೆಯ ಲೇಪನ, ವಿಮಾನದ ವೈರಿನ ಹೊದಿಕೆ, ಕೆಮಿಕಲ್ ಕಾರ್ಖಾನೆಯ ಗ್ಯಾಸ್ಕೆಟ್, ನಲ್ಲಿಗೆ ಸುತ್ತುವ ಬಿಳಿ ಟೇಪ್, ಇವೆಲ್ಲ ಬರುವುದು ಇದೇ ಗ್ಯಾಸಿನಿಂದ. ಯಾವ ಆಸಿಡ್ಡಿಗೂ ಜಗ್ಗದ, ಯಾವುದಕ್ಕೂ ಅಂಟದ ಪ್ಲಾಸ್ಟಿಕ್ಕಿನ ಮೂಲ ಇಷ್ಟೊಂದು ಸಿಡುಕಿನದು ಅಂದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ವಿಚಿತ್ರವೇನಲ್ಲ. ಎರಡಕ್ಕೂ ಕಾರಣ ಫ್ಲೋರಿನ್.

ಎರಡು ದಾರಿ, ಎರಡರಲ್ಲೂ ಬಿಸಿ

ಟಿಎಫ್‌ಇ ಅಣುವಿನಲ್ಲಿ ಎರಡು ಕಾರ್ಬನ್, ನಾಲ್ಕು ಫ್ಲೋರಿನ್ ಇವೆ. ಕಾರ್ಬನ್‌ಗಳ ನಡುವೆ ಜೋಡಿ ಬಂಧ. ಸುತ್ತಲಿನ ಫ್ಲೋರಿನ್‌ಗಳಿಂದಾಗಿ ಈ ಜೋಡಿಯಲ್ಲಿ ಎರಡನೆಯ ಬಂಧ ಸಡಿಲವಾಗಿರುತ್ತದೆ. ಮಾಮೂಲಿ ಎಥಿಲೀನಿನಲ್ಲಿ ಇರುವಷ್ಟು ಬಿಗಿ ಇಲ್ಲಿಲ್ಲ. ಅದು ಬಿಚ್ಚಿಕೊಂಡು ಪಕ್ಕದ ಅಣುವಿನ ಜೊತೆ ಸರಪಳಿ ಕಟ್ಟಿಕೊಂಡರೆ ಪಾಲಿಮರ್ ಆಗುತ್ತದೆ. ಅದೇ ಪಿಟಿಎಫ್‌ಇ, ಅಂದರೆ ನಾವು ಟೆಫ್ಲಾನ್ ಅನ್ನುವ ವಸ್ತು. ಸರಪಳಿ ಕಟ್ಟಿಕೊಂಡ ಮೇಲೆ ಕಾರ್ಬನ್-ಫ್ಲೋರಿನ್ ಬಂಧಗಳು ಎಷ್ಟು ಗಟ್ಟಿ ಅಂದರೆ, ಆಮೇಲೆ ಅದನ್ನು ಅಲುಗಾಡಿಸುವುದೇ ಕಷ್ಟ.

ಹೀಗೆ ಸರಪಳಿ ಕಟ್ಟುವಾಗ ತುಂಬಾ ಬಿಸಿ ಹುಟ್ಟುತ್ತದೆ. 100 ಗ್ರಾಂ ಟಿಎಫ್‌ಇ ಪಾಲಿಮರ್ ಆದರೆ ಸುಮಾರು 170 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ಅಷ್ಟೇ ಸಂಖ್ಯೆಯ ಎಥಿಲೀನ್ ಅಣುಗಳು ಪಾಲಿಥೀನ್ ಆಗುವಾಗ ಬಿಡುವುದು ಸುಮಾರು 100 ಕಿಲೋಜೂಲ್. ಕಾರ್ಖಾನೆಯ ರಿಯಾಕ್ಟರಿನಲ್ಲಿ, ಅಂದರೆ ಬೇಕೆಂದೇ ಪಾಲಿಮರ್ ಮಾಡುವ ಪಾತ್ರೆಯಲ್ಲಿ, ಈ ಶಾಖವನ್ನು ನೀರು ಹೀರಿಕೊಳ್ಳುತ್ತದೆ. ಶೇಖರಣೆಯ ಟ್ಯಾಂಕಿನಲ್ಲಿ ಹೀರುವವರು ಯಾರೂ ಇಲ್ಲ.

ಶಾಖ ಹೋಗಲು ಜಾಗ ಸಿಗದಿದ್ದರೆ ಎರಡನೆಯ ದಾರಿ ತೆರೆದುಕೊಳ್ಳುತ್ತದೆ. ಅಣುಗಳು ಒಡೆದು ಮಸಿ ಮತ್ತು ಕಾರ್ಬನ್ ಟೆಟ್ರಾಫ್ಲೋರೈಡ್ ಆಗುತ್ತವೆ. ಇಲ್ಲಿ ಹುಟ್ಟುವ ಶಾಖ ಇನ್ನೂ ಜಾಸ್ತಿ. ಕಿಲೋಗ್ರಾಮಿಗೆ 2,500 ಕಿಲೋಜೂಲ್ ದಾಟುತ್ತದೆ. ಟಿಎನ್‌ಟಿ ಸಿಡಿಮದ್ದಿಗೆ ಲೆಕ್ಕ ಹಿಡಿಯುವುದು ಸುಮಾರು 4,200. ಅದರ ಅರ್ಧಕ್ಕಿಂತ ಮೇಲೆಯೇ ಆಯಿತು. ಮುಚ್ಚಿದ ಪಾತ್ರೆಯಲ್ಲಿ ಹೀಗಾದಾಗ ಒತ್ತಡ ಮೊದಲಿದ್ದದ್ದಕ್ಕಿಂತ ಸುಮಾರು ಹತ್ತು ಪಟ್ಟು ಏರಬಹುದು. ಉದ್ದದ ಪೈಪಿನಲ್ಲಾದರೆ ಉರಿಯ ಅಲೆ ಓಡುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ, ಕೊನೆಗೆ ಡಿಟೋನೇಶನ್, ಅಂದರೆ ಶಬ್ದದ ವೇಗವನ್ನೂ ಮೀರಿದ ಸ್ಫೋಟ, ಆಗಲೂಬಹುದು. ಆಗ ಹತ್ತು ಪಟ್ಟಿನ ಲೆಕ್ಕವೂ ನಿಲ್ಲುವುದಿಲ್ಲ.

ಈ ಒಡೆಯುವಿಕೆಗೆ ಆಕ್ಸಿಜನ್ ಬೇಕಾಗಿಲ್ಲ ಅನ್ನುವುದನ್ನು ಗಮನಿಸಿ. ಗಾಳಿ ತೆಗೆದರೆ ಬೆಂಕಿ ಇಲ್ಲ ಅನ್ನುವ ಮಾಮೂಲಿ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಬೇಕಾಗಿರುವುದು ಒಂದಿಷ್ಟು ಒತ್ತಡ ಮತ್ತು ಎಲ್ಲೋ ಒಂದು ಕಡೆ ಬಿಸಿ. ಒತ್ತಡ ಹೆಚ್ಚಿದಷ್ಟೂ ಕಡಿಮೆ ತಾಪಮಾನದಲ್ಲೇ ಇದು ಶುರುವಾಗುತ್ತದೆ. ಪಾತ್ರೆ ದೊಡ್ಡದಾದಷ್ಟೂ ಅಷ್ಟೇ. ದೊಡ್ಡ ಪಾತ್ರೆಯ ನಡುಭಾಗದ ಬಿಸಿ ಗೋಡೆಯವರೆಗೆ ಬಂದು ಹೊರಹೋಗಲು ತಡವಾಗುತ್ತದಲ್ಲ, ಅದಕ್ಕೆ. ಪ್ರಯೋಗಾಲಯದ ಸಣ್ಣ ಸಿಲಿಂಡರಿನಲ್ಲಿ ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ದೊಡ್ಡ ಟ್ಯಾಂಕಿಗೂ ಅದೇ ಅಂಕಿ ಬಳಸುವಂತಿಲ್ಲ.

ಒಂದು ಹಳೆಯ ಸಿಲಿಂಡರಿನ ಕತೆ

ಟೆಫ್ಲಾನ್ ಸಿಕ್ಕಿದ್ದೇ ಒಂದು ಶೇಖರಣೆಯ ಎಡವಟ್ಟಿನಿಂದ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಡುಪಾಂಟ್ ಎಂಬ ಕೆಮಿಕಲ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಹೊಸ ಫ್ರಿಜ್ ಗ್ಯಾಸ್ ಹುಡುಕುತ್ತಿದ್ದರು. ಅದಕ್ಕಾಗಿ ಟಿಎಫ್‌ಇ ತಯಾರಿಸಿ ಸಣ್ಣ ಸಿಲಿಂಡರುಗಳಲ್ಲಿ ತುಂಬಿ ಡ್ರೈ ಐಸಿನಲ್ಲಿ, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡಿನಲ್ಲಿ, ಇಟ್ಟಿದ್ದರು. 1938ರ ಏಪ್ರಿಲ್ 6ರಂದು ಸಹಾಯಕ ಜಾಕ್ ರೆಬೋಕ್ ಜೊತೆ ಒಂದು ಸಿಲಿಂಡರ್ ತೆರೆದರು. ಗ್ಯಾಸ್ ಬರಲಿಲ್ಲ. ಸೋರಿ ಹೋಗಿರಬೇಕು ಅಂದುಕೊಂಡು ತೂಗಿದರೆ ತೂಕ ಹಾಗೇ ಇತ್ತು. ಕೊನೆಗೆ ಸಿಲಿಂಡರನ್ನೇ ಕೊಯ್ದು ನೋಡಿದರು. ಒಳಗೆ ಮೇಣದಂಥ ಬಿಳಿ ಪುಡಿ.

ಇದನ್ನು ಅದೃಷ್ಟದ ಕತೆಯಾಗಿ ಎಲ್ಲರೂ ಹೇಳುತ್ತಾರೆ. ಸುರಕ್ಷತೆಯ ಕಣ್ಣಿನಿಂದ ನೋಡಿದರೆ ಇದು ಬೇರೆಯೇ ಕತೆ. ಡ್ರೈ ಐಸ್ ಇರುವುದು ಮೈನಸ್ 78 ಡಿಗ್ರಿಯಲ್ಲಿ. ಟಿಎಫ್‌ಇ ಕುದಿಯುವುದು ಮೈನಸ್ 76ರಲ್ಲಿ. ಅಷ್ಟು ತಣ್ಣಗೆ ಇಟ್ಟಿದ್ದರೂ ಗ್ಯಾಸ್ ತನ್ನಷ್ಟಕ್ಕೆ ಪಾಲಿಮರ್ ಆಗಿಬಿಟ್ಟಿತ್ತು. ನಿಧಾನವಾಗಿ ಆದದ್ದರಿಂದ ಶಾಖ ಗೋಡೆಯ ಮೂಲಕ ಹೊರಹೋಯಿತು, ಅನಾಹುತ ಆಗಲಿಲ್ಲ. ಬೇಗ ಆಗಿದ್ದರೆ ಕೊಯ್ಯಲು ಸಿಲಿಂಡರ್ ಉಳಿಯುತ್ತಿತ್ತೋ ಇಲ್ಲವೋ. 1944ರಲ್ಲಿ ಅದೇ ನ್ಯೂಜೆರ್ಸಿಯ ಆರ್ಲಿಂಗ್ಟನ್‌ನಲ್ಲಿದ್ದ ಡುಪಾಂಟಿನ ತಯಾರಿಕಾ ಘಟಕ ಸ್ಫೋಟದಿಂದ ಹಾಳಾಯಿತು. ಈ ಗ್ಯಾಸ್ ಎಂಥದ್ದು ಅನ್ನುವುದು ಆರಂಭದ ವರ್ಷಗಳಲ್ಲೇ ಗೊತ್ತಾಯಿತು ಅನ್ನಬಹುದು.

ಪ್ಲಂಕೆಟ್ ಮಾಡಿದ ಒಂದು ಕೆಲಸ ಇವತ್ತಿಗೂ ಪಾಠ: ತೂಗಿ ನೋಡಿದ್ದು. ದ್ರವವಾಗಿ ತುಂಬಿದ ಗ್ಯಾಸಿನಲ್ಲಿ ಪ್ರೆಶರ್ ಗೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು. ಒಳಗೆ ಒಂದು ಹನಿ ದ್ರವ ಇರುವವರೆಗೂ ಗೇಜ್ ಒಂದೇ ಅಂಕಿ ತೋರಿಸುತ್ತದೆ. ತೂಕವೇ ಲೆಕ್ಕ. ವಾಲ್ವ್ ತೆರೆದರೂ ಗ್ಯಾಸ್ ಬಾರದೆ ತೂಕ ಮಾತ್ರ ಹಾಗೇ ಇದ್ದರೆ, ಒಳಗೆ ಪಾಲಿಮರ್ ಆಗಿದೆ ಅಥವಾ ವಾಲ್ವಿನ ಬಾಯಿ ಪಾಲಿಮರಿನಿಂದ ಕಟ್ಟಿಕೊಂಡಿದೆ ಅಂತ ಅರ್ಥ. ಎರಡನೆಯದು ಜಾಸ್ತಿ ಭಯಾನಕ. ಹಿಂದೆ ಪೂರ್ತಿ ಒತ್ತಡದ ಗ್ಯಾಸ್ ಹಾಗೇ ಕೂತಿರುತ್ತದೆ. ಅಂಥ ಸಿಲಿಂಡರನ್ನು ಬಿಸಿ ಮಾಡುವುದು, ತಟ್ಟುವುದು, ವಾಲ್ವಿನೊಳಗೆ ತಂತಿ ತೂರಿಸುವುದು, ಪ್ಲಂಕೆಟ್ ಹಾಗೆ ಕೊಯ್ಯುವುದು ಯಾವುದೂ ಕೂಡದು. ಜನರನ್ನು ದೂರ ಕಳಿಸಿ, ಗ್ಯಾಸ್ ಕೊಟ್ಟ ಕಂಪನಿಯ ಪರಿಣತರನ್ನು ಕರೆಸಬೇಕು.

ಆಕ್ಸಿಜನ್: ಚೂರೇ ಸಾಕು

ಒಡೆಯಲು ಆಕ್ಸಿಜನ್ ಬೇಡ ಅಂದೆ. ಆದರೆ ಇಡೀ ಸರಣಿಗೆ ಚಾಲನೆ ಕೊಡುವುದು ಬಹಳ ಸಲ ಆಕ್ಸಿಜನ್ನೇ. ಟಿಎಫ್‌ಇ ಜೊತೆ ಅದು ಸೇರಿದರೆ ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಇವು ತಾವೇ ಸಿಡಿಯುವ ಸ್ವಭಾವದವು. ಜೊತೆಗೆ ಪಾಲಿಮರ್ ಸರಪಳಿಗೆ ಮೊದಲ ಕೊಂಡಿಯನ್ನೂ ಒದಗಿಸುತ್ತವೆ. ಪಾಲಿಮರ್ ಶುರುವಾದರೆ ಬಿಸಿ, ಬಿಸಿ ಹೆಚ್ಚಿದರೆ ಒಡೆಯುವಿಕೆ. ಹಾಗಾಗಿ ಟಿಎಫ್‌ಇಯಲ್ಲಿ ಆಕ್ಸಿಜನ್ ಎಷ್ಟಿರಬಹುದು ಅನ್ನುವ ಲೆಕ್ಕ ಶೇಕಡಾದಲ್ಲಿ ಇರುವುದಿಲ್ಲ. ದಶಲಕ್ಷ ಭಾಗಕ್ಕೆ ಎಷ್ಟು ಅನ್ನುವ ಲೆಕ್ಕ ಅದು.

ಇದರಿಂದ ಬರುವ ಕಟ್ಟಳೆಗಳು ಹೀಗಿವೆ. ಹೊಸ ಟ್ಯಾಂಕು, ಪೈಪು, ಸಿಲಿಂಡರ್ ಯಾವುದಕ್ಕೂ ಸುಮ್ನೆ ಗ್ಯಾಸ್ ತುಂಬುವಂತಿಲ್ಲ. ಮೊದಲು ತೊಳೆದು, ಎಣ್ಣೆ ಪಸೆ ತೆಗೆದು, ಒಣಗಿಸಬೇಕು. ಆಮೇಲೆ ನೈಟ್ರೋಜನ್ ತುಂಬಿ ಬಿಡುವುದು, ಮತ್ತೆ ತುಂಬಿ ಬಿಡುವುದು, ಒಳಗಿನ ಆಕ್ಸಿಜನ್ ಅಳತೆ ಮಿತಿಗೆ ಬರುವ ತನಕ. ತುಕ್ಕು ಕಂಡರೆ ಆ ಪಾತ್ರೆ ಬೇಡ. ತುಕ್ಕಿನ ಮೇಲ್ಮೈ ಇಂಥ ಪ್ರತಿಕ್ರಿಯೆಗಳಿಗೆ ಆಸರೆ ಕೊಡುತ್ತದೆ. ಇನ್ನು, ಒಳಗಿನ ಒತ್ತಡ ಯಾವತ್ತೂ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಇಳಿಯಕೂಡದು. ಇಳಿದರೆ ಗ್ಯಾಸ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೋರುತ್ತದೆ. ಈ ಗ್ಯಾಸಿನ ಮಟ್ಟಿಗೆ ಇದೇ ಕೆಟ್ಟ ಸೋರಿಕೆ ಅನ್ನಬೇಕು, ಯಾಕೆಂದರೆ ಇದನ್ನು ಹೊರಗಿರುವ ಯಾವ ಅಲಾರಮ್ಮೂ ಹಿಡಿಯುವುದಿಲ್ಲ. ಹಾಗಂತ ಅಲಾರಂ ಬೇಡ ಅಂತಲ್ಲ. ಟಿಎಫ್‌ಇಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ. ಸೋರಿದ್ದು ನೆಲಮಟ್ಟದಲ್ಲಿ, ಗುಂಡಿಗಳಲ್ಲಿ ಸೇರಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ, ಅಂದರೆ 2ಎ ಗುಂಪಿಗೆ ಸೇರಿಸಿದೆ.

ಕಾವಲುಗಾರ ಎಲ್ಲಿದ್ದಾನೆ?

ಎಷ್ಟೇ ಶುಚಿ ಮಾಡಿದರೂ ಚೂರುಪಾರು ಆಕ್ಸಿಜನ್ ಉಳಿಯುತ್ತದೆ. ಅದನ್ನು ಹಿಡಿಯಲು ಟಿಎಫ್‌ಇಗೆ ತಡೆವಸ್ತು ಬೆರೆಸುತ್ತಾರೆ. ಸಾಮಾನ್ಯವಾಗಿ ಬೆರೆಸುವುದು ಲಿಮೋನೀನ್ ಅಥವಾ ಆಲ್ಫಾ-ಪೈನೀನ್. ಮೊದಲನೆಯದು ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವುದು, ಎರಡನೆಯದು ಟರ್ಪೆಂಟೈನಿನಲ್ಲಿರುವುದು. ಇವು ಆಕ್ಸಿಜನ್ನನ್ನೂ ಸರಪಳಿಯ ಮೊದಲ ಕೊಂಡಿಗಳನ್ನೂ ತಾವೇ ನುಂಗಿ ಹಾಕುತ್ತವೆ. ರಿಯಾಕ್ಟರಿಗೆ ಕಳಿಸುವ ಮೊದಲು ಸಿಲಿಕಾ ಜೆಲ್ ಮೂಲಕ ಹಾಯಿಸಿ ತಡೆವಸ್ತುವನ್ನು ತೆಗೆಯುತ್ತಾರೆ. ಅಲ್ಲಿ ಪಾಲಿಮರ್ ಆಗಲೇಬೇಕಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಇದನ್ನೇ. ಲಿಮೋನೀನ್ ಕುದಿಯುವುದು 176 ಡಿಗ್ರಿಯಲ್ಲಿ. ಟಿಎಫ್‌ಇ ಮೈನಸ್ 76ರಲ್ಲಿ. ನಡುವೆ ಇನ್ನೂರೈವತ್ತು ಡಿಗ್ರಿ ಅಂತರ. ಹಾಗಾದರೆ ಟ್ಯಾಂಕಿನೊಳಗೆ ಲಿಮೋನೀನ್ ಎಲ್ಲಿರುತ್ತದೆ? ಕೆಳಗೆ, ದ್ರವದಲ್ಲಿ. ಮೇಲಿನ ಗ್ಯಾಸಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಗ್ಯಾಸ್ ಪೈಪಿಗೆ ಹೋಗಿ ತಣ್ಣನೆಯ ಮೂಲೆಯಲ್ಲಿ ಮತ್ತೆ ಹನಿಯಾದರೆ, ಆ ಹನಿಗೆ ಕಾವಲೇ ಇಲ್ಲ. ವಾಲ್ವಿನ ಸಂದು, ಗೇಜಿಗೆ ಹೋಗುವ ಸಣ್ಣ ನಳಿಗೆ, ಮುಂದೆ ದಾರಿಯಿಲ್ಲದ ಪೈಪಿನ ತುಂಡು, ಇಂಥ ಜಾಗಗಳಲ್ಲೇ ಪಾಲಿಮರ್ ಗಡ್ಡೆ ಕಟ್ಟುವುದು. ಪಿಟಿಎಫ್‌ಇ ಶಾಖವನ್ನು ಸರಿಯಾಗಿ ಹಾಯಲು ಬಿಡುವುದಿಲ್ಲ. ಗಡ್ಡೆಯ ಒಳಗೆ ಹುಟ್ಟಿದ ಬಿಸಿ ಅಲ್ಲೇ ಉಳಿದು ಒಂದು ಕಡೆ ಕಾಯುತ್ತದೆ. ಸಿಲಿಂಡರಿನ ಚೀಟಿಯಲ್ಲಿ ತಡೆವಸ್ತು ಸೇರಿಸಿದೆ ಅಂತ ಬರೆದಿದ್ದರೂ ಪೈಪಿನ ಮಟ್ಟಿಗೆ ಆ ಮಾತಿಗೆ ಬೆಲೆಯಿಲ್ಲ. ಪೈಪ್ ಜಾಲವನ್ನು ಮೂಲೆಮುಡುಕುಗಳಿಲ್ಲದಂತೆ ಕಟ್ಟುವುದು, ಕೆಲಸ ಮುಗಿದ ಮೇಲೆ ನೈಟ್ರೋಜನ್ನಿನಿಂದ ಊದಿ ಖಾಲಿ ಮಾಡುವುದು, ಆಗಾಗ ಬಿಚ್ಚಿ ನೋಡುವುದು, ಇವೇ ಅಲ್ಲಿ ಕಾವಲು.

ಇದಕ್ಕೆ ಇನ್ನೊಂದು ಜಾಣ ಉಪಾಯವೂ ಇದೆ: ಟಿಎಫ್‌ಇಯನ್ನು ಕಾರ್ಬನ್ ಡೈಆಕ್ಸೈಡ್ ಜೊತೆ ಬೆರೆಸಿಡುವುದು. ಕಾರ್ಬನ್ ಡೈಆಕ್ಸೈಡ್ ಮೈನಸ್ 78ರಲ್ಲಿ ಆವಿಯಾಗುತ್ತದೆ. ಟಿಎಫ್‌ಇಗೂ ಅದಕ್ಕೂ ಎರಡೇ ಡಿಗ್ರಿ ವ್ಯತ್ಯಾಸ. ಆದ್ದರಿಂದ ಲಿಮೋನೀನ್ ಹಾಗೆ ಅದು ಕೆಳಗೆ ಕೂರುವುದಿಲ್ಲ. ಗ್ಯಾಸ್ ಎಲ್ಲೆಲ್ಲಿ ಹೋದರೂ ಜೊತೆಗೇ ಹೋಗುತ್ತದೆ, ಶಾಖ ಹುಟ್ಟಿದರೆ ಒಂದು ಪಾಲನ್ನು ತಾನು ಹೀರುತ್ತದೆ, ಟಿಎಫ್‌ಇ ಅಣುಗಳನ್ನು ದೂರ ದೂರ ಇಡುತ್ತದೆ. ಸಂಶೋಧನಾಲಯಗಳಿಗೆ ಟಿಎಫ್‌ಇ ಕಳಿಸಬೇಕಾದಾಗ ಈ ಮಿಶ್ರಣದಿಂದ ಅನುಕೂಲವಾಗಿದೆ.

ವಾಲ್ವ್ ತಿರುಗಿಸುವ ಕೈ

ತಣ್ಣಗಿಟ್ಟರೆ ಒತ್ತಡ ಇಳಿಯುತ್ತದೆ. 20 ಡಿಗ್ರಿಯಲ್ಲಿ ದ್ರವ ಟಿಎಫ್‌ಇ ಮೇಲಿನ ಆವಿಯ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ಮೂವತ್ತು ಪಟ್ಟು. ಮೈನಸ್ 40ಕ್ಕೆ ಇಳಿಸಿದರೆ ಸುಮಾರು ಐದು ಪಟ್ಟಿಗೆ ಬರುತ್ತದೆ. 33 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ. ಹಾಗಾಗಿ ಟ್ಯಾಂಕುಗಳನ್ನು ಶೈತ್ಯದಲ್ಲಿ ಇಡುತ್ತಾರೆ. ಆದರೆ ಶೈತ್ಯಯಂತ್ರ ಕೈಕೊಟ್ಟರೆ ಟ್ಯಾಂಕಿನ ಒತ್ತಡ ಏರುತ್ತಾ ಹೋಗುತ್ತದೆ. ಹಾಗಾಗಿ ಅದಕ್ಕೊಂದು ಬದಲಿ ಯಂತ್ರ, ಕರೆಂಟ್ ಹೋದರೆ ಇನ್ನೊಂದು ವ್ಯವಸ್ಥೆ ಇರಲೇಬೇಕು.

ಸ್ಥಾಯಿಯಾಗಿ ಇಟ್ಟ ಗ್ಯಾಸಿಗಿಂತ ಸಾಗುವ ಗ್ಯಾಸ್ ಹೆಚ್ಚು ಅಪಾಯಕಾರಿ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೋಡಿರುತ್ತೀರಿ. ಗ್ಯಾಸನ್ನು ಥಟ್ಟನೆ ಒತ್ತಿದರೆ ಅದು ಕಾಯುತ್ತದೆ. ಹೆಚ್ಚು ಒತ್ತಡದ ಟಿಎಫ್‌ಇ ಟ್ಯಾಂಕಿನಿಂದ, ಕಡಿಮೆ ಒತ್ತಡದ, ತುದಿ ಮುಚ್ಚಿದ ಪೈಪಿಗೆ ವಾಲ್ವನ್ನು ಒಮ್ಮೆಲೇ ತೆರೆದರೆ ಇದೇ ಆಗುತ್ತದೆ. ಪೈಪಿನಲ್ಲಿದ್ದ ಗ್ಯಾಸ್ ತುದಿಯಲ್ಲಿ ಒತ್ತಿಕೊಂಡು ಕ್ಷಣದಲ್ಲಿ ನೂರಾರು ಡಿಗ್ರಿ ಏರಬಹುದು. ಆ ಬಿಸಿಗೆ ಟಿಎಫ್‌ಇ ಒಡೆಯತೊಡಗಿದರೆ ಅಲೆ ವಾಪಸ್ ಟ್ಯಾಂಕಿನ ಕಡೆ ಓಡುತ್ತದೆ. ಇಲ್ಲಿ ಕಿಡಿಯೂ ಇಲ್ಲ, ಗಾಳಿಯೂ ಇಲ್ಲ. ಕೈಯ ಅವಸರ ಮಾತ್ರ. ಅದಕ್ಕೇ ಟಿಎಫ್‌ಇ ವಾಲ್ವುಗಳನ್ನು ನಿಧಾನವಾಗಿ ತೆರೆಯಬೇಕು, ಅದಕ್ಕೂ ಮೊದಲು ಎರಡೂ ಕಡೆಯ ಒತ್ತಡವನ್ನು ಸಣ್ಣ ಅಡ್ಡದಾರಿಯಿಂದ ಸರಿದೂಗಿಸಬೇಕು. ಕೈಯನ್ನು ನಂಬುವ ಬದಲು ನಿಧಾನವಾಗಿಯೇ ತೆರೆದುಕೊಳ್ಳುವ ವಾಲ್ವ್ ಹಾಕುವುದು ಇನ್ನೂ ಒಳ್ಳೆಯದು. ಅದನ್ನು ದಪ್ಪ ಗೋಡೆಯ ಆಚೆಯಿಂದ, ದೂರದಿಂದ ನಡೆಸುತ್ತಾರೆ.

ಸೇಫ್ಟಿ ವಾಲ್ವ್ ಇದೆಯಲ್ಲ ಅಂತ ಕೇಳಬಹುದು. ಸ್ಪ್ರಿಂಗ್ ಇರುವ ಸೇಫ್ಟಿ ವಾಲ್ವ್ ನಿಧಾನವಾಗಿ ಏರುವ ಒತ್ತಡಕ್ಕೆ ಸರಿ. ಗ್ಯಾಸ್ ಒಡೆಯುವಾಗಿನ ವೇಗಕ್ಕೆ ಅದು ತೆರೆದುಕೊಳ್ಳುವುದರೊಳಗೆ ಎಲ್ಲ ಮುಗಿದಿರುತ್ತದೆ. ಅದರ ಬಾಯಿಗೇ ಪಾಲಿಮರ್ ಕಟ್ಟಿಕೊಂಡಿದ್ದರೆ ತೆರೆಯುವ ಮಾತೇ ಇಲ್ಲ. ರಪ್ಚರ್ ಡಿಸ್ಕ್, ಅಂದರೆ ಒತ್ತಡ ಮೀರಿದರೆ ಹರಿದುಹೋಗುವ ತೆಳು ತಗಡು, ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಅದೂ ಡಿಟೋನೇಶನ್ ಮುಂದೆ ಸೋಲುತ್ತದೆ. ಕೊನೆಗೆ ಉಳಿಯುವ ದಾರಿ ಅಂದರೆ ಪೈಪುಗಳನ್ನು ಸಣ್ಣ ವ್ಯಾಸದಲ್ಲಿ ಇಡುವುದು, ಉರಿಯ ಅಲೆಯನ್ನು ತಣ್ಣಗಾಗಿಸಿ ನಿಲ್ಲಿಸುವ ತಡೆಗಳನ್ನು ನಡುನಡುವೆ ಹಾಕುವುದು, ಪಾತ್ರೆಯನ್ನು ಹತ್ತು ಪಟ್ಟು ಒತ್ತಡ ತಾಳುವಂತೆ ಕಟ್ಟುವುದು ಅಥವಾ ಸಿಡಿದರೂ ಯಾರಿಗೂ ತಾಗದ ಜಾಗದಲ್ಲಿ ಇಡುವುದು.

ಕೂಡಿಡದೇ ಇರುವುದು

ಇಷ್ಟೆಲ್ಲ ಕಷ್ಟ ಇರುವಾಗ ದೊಡ್ಡ ತಯಾರಕರು ಏನು ಮಾಡುತ್ತಾರೆ? ಆದಷ್ಟು ಕೂಡಿಡುವುದೇ ಇಲ್ಲ. ಟಿಎಫ್‌ಇ ತಯಾರಾಗುವುದು ಆರ್-22 ಎಂಬ ಗ್ಯಾಸಿನಿಂದ. ಎಸಿ ಮಷೀನುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದದ್ದು ಇದೇ. ಸ್ವಭಾವದಲ್ಲಿ ತಣ್ಣನೆಯದು, ಟ್ಯಾಂಕಿನಲ್ಲಿ ನಿಶ್ಚಿಂತೆಯಿಂದ ಇಡಬಹುದು. ಅದನ್ನು 600ರಿಂದ 800 ಡಿಗ್ರಿಗೆ ಕಾಯಿಸಿದರೆ ಟಿಎಫ್‌ಇ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಟಿಎಫ್‌ಇಯನ್ನು ಬೇರ್ಪಡಿಸಿ, ಶುದ್ಧ ಮಾಡಿ, ಪಕ್ಕದ ಕಟ್ಟಡದ ರಿಯಾಕ್ಟರಿಗೆ ನೇರವಾಗಿ ಕಳಿಸುತ್ತಾರೆ. ನಡುವಿನ ಟ್ಯಾಂಕ್ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಕೂಡಿಡುವ ಕಲೆಯಲ್ಲಿ ಇದೇ ದೊಡ್ಡ ಕಲೆ ಅಂತ ನನಗನ್ನಿಸುತ್ತದೆ: ತೊಂದರೆಯ ವಸ್ತುವನ್ನು ಬಿಟ್ಟು ಅದರ ಸಾಧು ಮೂಲವನ್ನು ಕೂಡಿಡುವುದು.

ಈ ಕಾಯಿಸುವ ಹಂತದಲ್ಲೂ ಒಂದು ಮುಳ್ಳಿದೆ. ಪರ್‌ಫ್ಲೋರೋಐಸೊಬ್ಯುಟಿಲೀನ್ ಎಂಬ ಕಡು ವಿಷದ ಗ್ಯಾಸ್ ಸ್ವಲ್ಪ ಹುಟ್ಟುತ್ತದೆ. ರಾಸಾಯನಿಕ ಅಸ್ತ್ರಗಳ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಅದರ ಹೆಸರಿದೆ. ಅದನ್ನು ಕೂಡಿಡುವ ಪ್ರಶ್ನೆಯೇ ಬಾರದು. ಬೇರ್ಪಡಿಸಿ ನಾಶ ಮಾಡುತ್ತಾರೆ.

ಉಳಿದ ಫ್ಲೋರಿನ್ ಗ್ಯಾಸ್‌ಗಳು ಇಷ್ಟು ಕೋಪಿಷ್ಠ ಅಲ್ಲ. ಹೆಕ್ಸಾಫ್ಲೋರೋಪ್ರೊಪಿಲೀನ್ ಮೈನಸ್ 29ರಲ್ಲಿ ಕುದಿಯುತ್ತದೆ, ಬೆಂಕಿ ಹತ್ತುವುದಿಲ್ಲ, ತಾನೇ ತಾನಾಗಿ ಪಾಲಿಮರ್ ಆಗುವುದೂ ಕಷ್ಟ. ಅದರ ಅಪಾಯ ವಿಷದ್ದು. ವಿನೈಲಿಡೀನ್ ಫ್ಲೋರೈಡ್ ಮತ್ತು ವಿನೈಲ್ ಫ್ಲೋರೈಡ್ ಚೆನ್ನಾಗಿ ಉರಿಯುತ್ತವೆ. ಅಲ್ಲಿ ಕಿಡಿ, ಸ್ಥಿರ ವಿದ್ಯುತ್ತಿನ ಚಿಂತೆಯೇ ಜಾಸ್ತಿ.

ಮೂಲದಲ್ಲಿರುವ ಎಚ್‌ಎಫ್

ಈ ಎಲ್ಲದರ ಮೂಲ ಹೈಡ್ರೋಜನ್ ಫ್ಲೋರೈಡ್, ಚುಟುಕಾಗಿ ಎಚ್‌ಎಫ್. ಆರ್-22 ತಯಾರಾಗುವುದೂ ಇದರಿಂದಲೇ. ಇದು ಸಿಡಿಯುವ ಗ್ಯಾಸಲ್ಲ. 19.5 ಡಿಗ್ರಿಯಲ್ಲಿ ಕುದಿಯುವುದರಿಂದ ಅದರ ಒತ್ತಡವೂ ಹೆಚ್ಚಿರುವುದಿಲ್ಲ. ಇಲ್ಲಿ ಭಯ ಸೋರಿಕೆಯದೇ. ಚರ್ಮಕ್ಕೆ ತಾಗಿದರೆ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಹೃದಯ ನಿಲ್ಲಬಹುದು. ದಕ್ಷಿಣ ಕೊರಿಯಾದ ಗುಮಿಯಲ್ಲಿ 2012ರ ಸೆಪ್ಟೆಂಬರ್ 27ರಂದು ಟ್ಯಾಂಕ್ ಕಂಟೇನರಿನಿಂದ ಇದನ್ನು ಇಳಿಸುವಾಗ ವಾಲ್ವ್ ತೆರೆದುಕೊಂಡು ಐವರು ಸತ್ತರು. ಸುತ್ತಲಿನ ಬೆಳೆ ಸುಟ್ಟಂತಾಯಿತು, ಸಾವಿರಾರು ಜನ ಆಸ್ಪತ್ರೆಗೆ ಹೋದರು. ಎಚ್‌ಎಫ್ ಇರುವ ಕಡೆ ಅದು ತಾಗಿದ ಚರ್ಮಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಂತೆ ಇರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ.

ಆದರೂ ಒಳಗಿನ ಚಿಂತೆಯಿಂದ ಎಚ್‌ಎಫ್ ಪೂರ್ತಿ ಹೊರತಲ್ಲ. ಉಕ್ಕಿನ ಸಿಲಿಂಡರಿನ ಗೋಡೆಯನ್ನು ಅದು ಬಹಳ ನಿಧಾನವಾಗಿ ತಿನ್ನುತ್ತದೆ. ತಿಂದಷ್ಟೂ ಹೈಡ್ರೋಜನ್ ಹುಟ್ಟುತ್ತದೆ. ವಾರಗಳಲ್ಲಿ ಗೊತ್ತಾಗುವುದಿಲ್ಲ. ಮೂಲೆಯಲ್ಲಿ ವರ್ಷಗಟ್ಟಲೆ ಮರೆತಿಟ್ಟ ಸಿಲಿಂಡರಿನಲ್ಲಿ ಈ ಹೈಡ್ರೋಜನ್ ಸೇರಿಕೊಂಡು, ತುಂಬಿದ ದಿನ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಒತ್ತಡ ಆಗಿರುತ್ತದೆ. ಅಂಥ ಸಿಲಿಂಡರುಗಳು ಒಡೆದ ಉದಾಹರಣೆಗಳಿವೆ. ಟಿಎಫ್‌ಇಯಲ್ಲೂ ಕಾಲ ಇಂಥದೇ ಕೆಲಸ ಮಾಡುತ್ತದೆ. ಅಲ್ಲಿ ತಡೆವಸ್ತು ದಿನದಿನವೂ ಸವೆಯುತ್ತದೆ. ಹಾಗಾಗಿ ಇಂಥ ಸಿಲಿಂಡರ್ ಕೊಳ್ಳುವಾಗಲೇ ವಾಪಸ್ ಕೊಡುವ ತಾರೀಖನ್ನೂ ಬರೆದಿಡಬೇಕು, ಬೇಕಾದಷ್ಟೇ ತರಿಸಬೇಕು, ಮುಂದೆ ಬೇಕಾಗಬಹುದು ಅಂತ ಒಂದನ್ನು ಉಳಿಸಿಕೊಳ್ಳಬಾರದು. ಖಾಲಿ ಅಂತ ಬರೆದ ಸಿಲಿಂಡರಿನಲ್ಲೂ ಗಾಳಿ ನುಗ್ಗದಂತೆ ಸ್ವಲ್ಪ ಒತ್ತಡ ಉಳಿಸಿ, ವಾಲ್ವ್ ಮುಚ್ಚಿ, ತೂಕ ಬರೆದು ಕಳಿಸಬೇಕು.